ಅಟ್ಟದ ಪಿಟೀಲಿಂಗೆ ಕ್ರಯ ಎಷ್ಟು?

ಅಜ್ಜಿಯ ಕಾಲದ ಚಿನ್ನದ ಸರವ ಮಾರ್ಲೆ ಕೊಂಡೋದರೆ ಆಚಾರಿ ಎಂತ ಮಾಡ್ತ ಹೇಳಿ ನಿಂಗೊಗೆಲ್ಲ ಗೊಂತಿದ್ದು. ಕಲ್ಲಿಂಗೆ ಉದ್ದಿ ನೋಡ್ತ, ತೂಗುತ್ತ, ಅರಗು ಕಳೆತ್ತ, ಸವಕಳಿ ಕಳೆತ್ತ, ಅಕೇರಿಗೆ ಆ ದಿನದ ಕ್ರಯಲ್ಲಿ ಗುಣಿಸಿ ಒಂದು ಲೆಕ್ಕ ಹೇಳ್ತ. ಇದು ನಮ್ಮ ಅಜ್ಜಿ ಮದುವೆ ದಿನ ಹಾಕಿದ ಸರ ಹೇಳಿ ನಾವು ಹೇಳ್ಲೆ ಹೆರಟರೆ ಅಂವ ನೆಗೆ ಮಾಡುಗು. "ಅದಕ್ಕೆಲ್ಲ ದುಡ್ಡು ಬರೋದಿಲ್ಲ ಅಕ್ಕಾ" ಹೇಳುಗು. ಗೋಣಿಕೊಪ್ಪ ಪೇಟೆಲಿ ಒಳ್ಳೆಮೆಣಸು ಕೊಡುವಗಳೂ ಹಾಂಗೇ. ಆರ ತೋಟದ್ದು, ಆರು ಕೊಯಿದ್ದು ಹೇಳಿ ಆರೂ ಕೇಳ್ತವಿಲ್ಲೆ. ಒಣಗಿದ್ದೋ, ತೂಕ ಇದ್ದೋ, ಅಷ್ಟೆ.

ಹಳೆ ಪಿಟೀಲಿನ ಲೆಕ್ಕ ಮಾಂತ್ರ ಪೂರಾ ಬೇರೆ. ತೂಗಿರೆ ಅರ್ಧ ಕಿಲೋವೂ ಇರ. ಮರ, ಅಂಟು, ನಾಲ್ಕು ತಂತಿ. ಅದರ ಆರು ಮಾಡಿದ್ದು, ಅದು ಆರ ಕೈಲಿ ಇದ್ದದು ಹೇಳುದಕ್ಕೇ ಪೈಸೆ. ಅಜ್ಜಿಯ ಸರಕ್ಕೆ ಸಿಕ್ಕದ್ದ ಕ್ರಯ ಪಿಟೀಲಿಂಗೆ ಸಿಕ್ಕುತ್ತು.

ತಿತಿಮತಿಲಿ ಕಾಪಿ ಕೊಯ್ಸಿಗೊಂಡಿಪ್ಪ ಹೆಮ್ಮಕ್ಕೊಗೆ ಪಿಟೀಲಿನ ಕ್ರಯ ಎಂತಕೆ ಹೇಳಿ ಕೇಳೆಡಿ. ಎಂಗಳ ಮನೆಲಿ ಒಂದು ಪಿಟೀಲು ಇದ್ದು. ಎನ್ನ ಯಜಮಾನ್ರ ದೊಡ್ಡಪ್ಪ, ಹೇಳಿರೆ ಎನಗೆ ದೊಡ್ಡಮಾವ, ಪ್ರಾಯಲ್ಲಿ ಮೈಸೂರಿಲ್ಲಿ ಓದುವಗ ಪಿಟೀಲು ಕಲ್ತವಡ. ಕಲಿಶಿದ ಗುರುಗೊ ಈ ಪಿಟೀಲಿನ ಅವಕ್ಕೆ ಕೊಟ್ಟದಡ. ಗುರುಗೊಕ್ಕೆ ಅದು ಮೈಸೂರಿನ ಒಬ್ಬ ದೊಡ್ಡ ವಿದ್ವಾಂಸರ ಕೈಂದ ಬಂದದಡ. ಆ ವಿದ್ವಾಂಸರ ಹೆಸರಿನ ಆನಿಲ್ಲಿ ಬರೆತ್ತಿಲ್ಲೆ. ಸಾಕ್ಷಿ ಇಲ್ಲದ್ದೆ ದೊಡ್ಡವರ ಹೆಸರು ಎಳವಲಾಗ. ದೊಡ್ಡಮಾವ ಮತ್ತೆ ತೋಟ ನೋಡಿಗೊಂಬಲೆ ಊರಿಂಗೆ ಬಂದವು. ಕಾಪಿ, ಒಳ್ಳೆಮೆಣಸು, ಆನೆಯ ಉಪದ್ರ, ಮಕ್ಕಳ ಶಾಲೆ ಹೇಳಿ ಜೀವನ ಕಳುದತ್ತು. ಆದರೂ ಇರುಳು ಊಟ ಆದಿಕ್ಕಿ ಒಂದು ಗಳಿಗೆ ಜೆಗಿಲಿಲಿ ಕೂದು ಬಾರ್ಸುಗು. ಆನು ಮದುವೆ ಆಗಿ ಬಂದ ಹೊಸತಿಲ್ಲಿ ಅಡಿಗೆ ಒಳಂದಲೇ ಕೇಳಿದ್ದೆ. ಅವು ತೀರಿಹೋಗಿ ಹದಿನೆಂಟು ವರ್ಷ ಆತು. ಪಿಟೀಲು ಪೆಟ್ಟಿಗೆ ಸಮೇತ ಅಟ್ಟಕ್ಕೆ ಹತ್ತಿತ್ತು.

ಕಳುದ ದೀಪಾವಳಿಗೆ ಬೆಂಗ್ಳೂರಿಂದ ಬಂದ ಭಾವನ ಮಗ ಅದರ ಇಳಿಶಿ, ಮೊಬೈಲಿನ ಟಾರ್ಚಿ ಹಾಕಿ ಒಟ್ಟೆಲಿ ಇಣ್ಕಿ ನೋಡಿದ. ಒಳ ಒಂದು ಚೀಟಿ. "ಅಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್" ಹೇಳಿ ಅಚ್ಚು, ಬುಡಲ್ಲಿ 1721 ಹೇಳಿ ಇಸವಿ. ಮಾಣಿ ಅಲ್ಲೇ ನೆಟ್ಟಿಲ್ಲಿ ಹುಡ್ಕಿ, "ಚಿಕ್ಕಮ್ಮಾ, ಇದು ಎಪ್ಪತ್ತು ಕೋಟಿಯ ಸಾಮಾನು!" ಹೇಳಿ ಬೊಬ್ಬೆ ಹಾಕಿದ. ಹೊತ್ತೋಪಗ ಕುಟುಂಬದ ವಾಟ್ಸಪ್ಪಿಲ್ಲಿ ಪಟ ಹೋತು. ಮರದಿನ ಉದಿಯಪ್ಪಗ ಪಾಲಿನ ಮಾತು ಸುರು. ಹತ್ತು ವರ್ಷ ಫೋನು ಮಾಡದ್ದವು ಫೋನು ಮಾಡಿದವು. ಪಾಲಪ್ಪಗ ಪಿಟೀಲು ಪಟ್ಟಿಲಿ ಬೈಂದಿಲ್ಲೆ ಹೇಳಿ ಒಬ್ಬ, ಪಟ್ಟಿಲಿ ಇಲ್ಲದ್ದು ಆರ ಅಟ್ಟಲ್ಲಿ ಇದ್ದೋ ಅವಕ್ಕೇ ಹೇಳಿ ಇನ್ನೊಬ್ಬ. ಎಪ್ಪತ್ತರ ನಾಲ್ಕು ಪಾಲು ಮಾಡಿ ಬಾಯಿಲೆಕ್ಕ ಹಾಕಿದವುದೆ ಇದ್ದವು.

ಮಾಣಿ ಹೇಳಿದ ಎಪ್ಪತ್ತು ಕೋಟಿ ಲೊಟ್ಟೆ ಅಲ್ಲ. ಇಟೆಲಿಯ ಕ್ರೆಮೋನಾ ಹೇಳ್ತ ಪೇಟೆಲಿ ಆಂಟೋನಿಯೋ ಸ್ಟ್ರಾಡಿವಾರಿ ಹೇಳಿ ಒಬ್ಬ ಪಿಟೀಲಿನ ಆಚಾರಿ ಇತ್ತಿದ್ದ. 1737ರಲ್ಲಿ ತೀರಿಹೋದ್ದು. ಅವನ ಕೈಯ ಪಿಟೀಲುಗೊ ಈಗ ಲೋಕಲ್ಲಿ ಒಳುದ್ದು ಸುಮಾರು 500. ನಮ್ಮ ಹಟ್ಟಿಯ ದನಗೊಕ್ಕೆ ಹೆಸರಿಪ್ಪ ಹಾಂಗೆ ಅವಕ್ಕುದೆ ಹೆಸರುಗೊ ಇದ್ದು. 1721ರ "ಲೇಡಿ ಬ್ಲಂಟ್" 2011ರ ಏಲಂಲಿ 1 ಕೋಟಿ 59 ಲಕ್ಷ ಡಾಲರಿಂಗೆ ಹೋತು; ಆಗಾಣ ಲೆಕ್ಕಲ್ಲಿ ಸುಮಾರು 70 ಕೋಟಿ ರೂಪಾಯಿ. ಮಾರಿದ್ದು ಜಪಾನಿನ ಒಂದು ಸಂಗೀತ ಸಂಸ್ಥೆ. ಆ ವರ್ಷ ಅಲ್ಲಿ ಭೂಕಂಪ, ಸುನಾಮಿ ಆದ್ದು ನಿಂಗೊಗೆ ನೆಂಪಿಕ್ಕು. ಪೈಸೆ ಪೂರಾ ಅದರ ಪರಿಹಾರಕ್ಕೆ ಕೊಟ್ಟವು. 1714ರ ಇನ್ನೊಂದು ಪಿಟೀಲು ಟೋಶ ಸೈಡೆಲ್ ಹೇಳ್ತ ವಿದ್ವಾಂಸನ ಕೈಲಿ ಇದ್ದದು. ಅದು 2022ರಲ್ಲಿ 1 ಕೋಟಿ 53 ಲಕ್ಷ ಡಾಲರಿಂಗೆ, ಹೇಳಿರೆ ಸುಮಾರು 120 ಕೋಟಿ ರೂಪಾಯಿಗೆ ಹೋತು. ಅದೇ 1714ರ ಮತ್ತೊಂದು, ಜರ್ಮನಿಲಿ ಹೆಸರುವಾಸಿ ಆದ ಯೋಸೆಫ್ ಯೋವಾಖಿಮ್ ಬಾರ್ಸಿಗೊಂಡಿದ್ದದು, 2025ರ ಫೆಬ್ರವರಿಲಿ 1 ಕೋಟಿ 13 ಲಕ್ಷ ಡಾಲರಿಂಗೆ ಹೋತು. ಆ ಪೈಸೆ ಅಮೇರಿಕದ ಬಾಸ್ಟನಿನ ಸಂಗೀತ ಕಾಲೇಜಿಲ್ಲಿ ಕಲಿವ ಮಕ್ಕಳ ವಿದ್ಯಾರ್ಥಿವೇತನಕ್ಕೆ.

ಈ ಕ್ರಯಲ್ಲಿ ಎರಡು ಹೆಸರು ಕೂಡಿಗೊಂಡಿದ್ದು, ಮಾಡಿದವನದ್ದು ಮತ್ತೆ ಬಾರ್ಸಿದವನದ್ದು. ಬಾರ್ಸಿದವನ ಹೆಸರಿಂದ ಮಾಂತ್ರವೇ ಎಷ್ಟು ಏರುಗು ಹೇಳಿ ನೋಡೆಕ್ಕಾರೆ ಟೈಟಾನಿಕ್ ಹಡಗಿನ ಕತೆ ಕೇಳಿ. 1912ರಲ್ಲಿ ಹಡಗು ಮುಳುಗುವಗ ಜೆನಂಗೊ ಹೆದರ್ಲಾಗ ಹೇಳಿ ಅಕೇರಿ ಒರೆಗೂ ಬಾರ್ಸಿದ ವಾದ್ಯದವರ ಮುಖ್ಯಸ್ಥ ವಾಲೇಸ್ ಹಾರ್ಟ್ಲಿ. ಅವನ ಪಿಟೀಲು ದೊಡ್ಡ ಆಚಾರಿ ಮಾಡಿದ್ದಲ್ಲ. 1910ರಲ್ಲಿ ನಿಶ್ಚಿತಾರ್ಥ ಅಪ್ಪಗ ಮರಿಯಾ ಹೇಳ್ತ ಕೂಸು, ಅಂವ ಮದುವೆ ಅಪ್ಪಲಿದ್ದ ಕೂಸು, ಉಡುಗೊರೆ ಕೊಟ್ಟದು. ಬೆಳ್ಳಿಯ ಸಣ್ಣ ತಗಡಿಲ್ಲಿ ಹೆಸರು ಕೊರೆಶಿ ಕೊಟ್ಟಿತ್ತು. 2006ರಲ್ಲಿ ಆ ಪಿಟೀಲು ಇಂಗ್ಲೆಂಡಿನ ಒಂದು ಮನೆಯ ಅಟ್ಟಲ್ಲಿ ಸಿಕ್ಕಿತ್ತು. ಅಪ್ಪು, ಅಟ್ಟಲ್ಲೇ! ಅದು ಅದುವೇ ಹೇಳಿ ಒಪ್ಪುಲೆ ಏಳು ವರ್ಷ ಪರೀಕ್ಷೆ ಮಾಡಿದವು. ಉಪ್ಪುನೀರಿನ ಕಲೆ ನೋಡಿದವು, ತಗಡು ನೋಡಿದವು. ದೊಡ್ಡ ಸಾಕ್ಷಿ ಸಿಕ್ಕಿದ್ದು ಆ ಕೂಸಿನ ದಿನಚರಿಲಿ. ಪಿಟೀಲು ತನಗೆ ವಾಪಾಸು ಸಿಕ್ಕಿದ್ದಕ್ಕೆ ಧನ್ಯವಾದ ಹೇಳಿ 1912ರ ಜುಲಾಯಿಲಿ ಕಳ್ಸಿದ ಟೆಲಿಗ್ರಾಮಿನ ಒಕ್ಕಣೆಯ ಅದು ದಿನಚರಿಲಿ ಬರದು ಮಡುಗಿತ್ತು. 2013ರಲ್ಲಿ ಏಲಂ ಆತು, 9 ಲಕ್ಷ ಪೌಂಡು. ನಮ್ಮ ಪೈಸೆಲಿ ಸುಮಾರು 9 ಕೋಟಿ. ಬಿರುಕು ಬಿಟ್ಟು ಬಾರ್ಸುಲೂ ಎಡಿಯದ್ದ ಪಿಟೀಲಿಂಗೆ! ಒಂದು ಕೂಸು ದಿನಚರಿಲಿ ನಾಲ್ಕು ಗೆರೆ ಬರದ್ದರ ಮೇಲೆ ಅಷ್ಟು ಪೈಸೆ ನಿಂದಿತ್ತಿದ್ದು.

ಕಳ್ಳನ ಕತೆಯೂ ಒಂದಿದ್ದು. ಬ್ರೋನಿಸ್ಲಾವ್ ಹೂಬರ್ಮನ್ ಹೇಳ್ತ ವಿದ್ವಾಂಸನ 1713ರ ಸ್ಟ್ರಾಡಿವಾರಿಯ 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ಕೋಣೆಂದ ಒಬ್ಬ ಕದ್ದುಗೊಂಡು ಹೋದ. ಕದ್ದವನುದೆ ಪಿಟೀಲುಗಾರನೇ. ಹತ್ತತ್ತರೆ ಐವತ್ತು ವರ್ಷ ಅದರನ್ನೇ ಬಾರ್ಸಿ ಹೊಟ್ಟೆ ಹೊರದ. 1985ರಲ್ಲಿ ಸಾವಗ ಹೆಂಡತಿ ಹತ್ತರೆ ಸತ್ಯ ಹೇಳಿದ. ಎದುರು ಕೂದು ಕೇಳಿದವಕ್ಕೆ ಆರಿಂಗೂ ಅದು ಯಾವ ಪಿಟೀಲು ಹೇಳಿ ಅಷ್ಟು ವರ್ಷ ಗೊಂತಾಯಿದಿಲ್ಲೆ. ಈಗ ಅದು ಜೋಶುವಾ ಬೆಲ್ ಹೇಳ್ತವನ ಕೈಲಿ ಇದ್ದು; 2001ರಲ್ಲಿ 40 ಲಕ್ಷ ಡಾಲರಿಂಗೆ ರಜ್ಜ ಕಮ್ಮಿ ಕೊಟ್ಟು ತೆಕ್ಕೊಂಡದು.

ಅಂಬಗ ಸ್ವರಕ್ಕೆ ಅಷ್ಟು ಕ್ರಯವೋ ಹೇಳಿ ಕೇಳಿರೆ, ಅದುದೆ ಪೂರ್ತಿ ಅಪ್ಪು ಹೇಳ್ಲೆ ಎಡಿಯ. 2010ರಲ್ಲಿ ಅಮೇರಿಕದ ಇಂಡಿಯಾನಾಪೊಲಿಸಿಲ್ಲಿ 21 ಜೆನ ಪಿಟೀಲುಗಾರರಿಂಗೆ ಕಣ್ಣಿಂಗೆ ಕಾಣದ್ದ ಹಾಂಗೆ ಮಾಡಿ, ಹಳೆದು ಹೊಸತು ಎರಡನ್ನೂ ಬಾರ್ಸುಲೆ ಕೊಟ್ಟವು. ಮನಗೆ ಕೊಂಡೋಪಲೆ ಯಾವದಕ್ಕು ಕೇಳಿರೆ ಹೆಚ್ಚಿನವು ಹೊಸತರ ತೋರ್ಸಿದವು. ಎಲ್ಲಕ್ಕಿಂತ ಕಮ್ಮಿ ಮೆಚ್ಚಿದ್ದು ಒಂದು ಸ್ಟ್ರಾಡಿವಾರಿಯ! ಕೋಟಿಯ ದೊಡ್ಡ ಪಾಲು ಹೆಸರಿಂಗೆ, ಕತಗೆ, ಆ ಕತೆಯ ಹಿಂದಾಣ ಕಾಗದಕ್ಕೆ.

ನಮ್ಮ ಕನ್ನಡ ಸೀಮೆಲಿ ಪಿಟೀಲು ಹೇಳಿರೆ ಚೌಡಯ್ಯ. ಮೈಸೂರು ಹತ್ತರಾಣ ತಿರುಮಕೂಡಲಿನವು, 1895ರಲ್ಲಿ ಹುಟ್ಟಿ 1967ರಲ್ಲಿ ತೀರಿಹೋದವು. ಮೈಕು ಇಲ್ಲದ್ದ ಕಾಲಲ್ಲಿ ಅಕೇರಿ ಸಾಲಿಲ್ಲಿ ಕೂದವಕ್ಕೂ ಕೇಳೆಕ್ಕು ಹೇಳಿ ನಾಲ್ಕು ತಂತಿಗೆ ಮೂರು ಸೇರ್ಸಿ ಏಳು ತಂತಿಯ ಪಿಟೀಲು ಮಾಡಿದವು. ಅವರ ಶಿಷ್ಯ ಆರ್. ಆರ್. ಕೇಶವಮೂರ್ತಿಗೊ ಏಳು ತಂತಿಯನ್ನೇ ಮುಂದೆ ಬಾರ್ಸಿಗೊಂಡು ಬಂದವು. ಬೆಂಗ್ಳೂರಿಲ್ಲಿ 1980ರಲ್ಲಿ ಅವರ ನೆಂಪಿಂಗೆ ಒಂದು ಸಭಾಭವನ ಕಟ್ಟಿದವು. ಅದರ ಆಕಾರವೇ ಪಿಟೀಲು, ತಂತಿ, ಬಿರಡೆ, ಕಮಾನು ಸಮೇತ. ಎನ್ನ ಮಗಳು ಬೆಂಗ್ಳೂರಿಲ್ಲಿ ಓದುವಗ ಅದರ ಎದುರಂಗೆ ಹೋಗಿ ನಿಂದು ನೋಡಿಕ್ಕಿ ಬೈಂದೆ. ನಮ್ಮಲ್ಲಿ ವಿದ್ವಾಂಸರ ಪಿಟೀಲು ಏಲಂಗೆ ಹೋಪದು ಕಮ್ಮಿ. ಮಗಂಗೋ ಮಗಳಿಂಗೋ ಶಿಷ್ಯಂಗೋ ಹೋವುತ್ತು. ಕ್ರಯ ಕಟ್ಟುವ ಕ್ರಮ ಇಲ್ಲೆ. ಹಾಂಗಾಗಿ ಕಾಗದವೂ ಇಲ್ಲೆ.

ರಾಜರು ಕೊಟ್ಟದಕ್ಕೆ ಮಾಂತ್ರ ಇಸವಿ ಒಳಿತ್ತು. 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ತಂಜಾವೂರಿನ ವಡಿವೇಲು ಹೇಳ್ತ ವಿದ್ವಾಂಸರಿಂಗೆ ಆನೆದಂತದ ಪಿಟೀಲು ಕೊಟ್ಟವು. ಮತ್ತಿಗೋಡಿನ ಆನೆ ಶಿಬಿರದ ಬುಡಲ್ಲೇ ಇಪ್ಪ ನವಗೆ ದಂತ ಹೇಳಿರೆ ಎಂತ ಹೇಳಿ ಗೊಂತಿದ್ದು. ಈಗ ಅದರ ಮಾರ್ಲಾಗ, ಕಾನೂನು ಬಿಡ. ಹಳೆ ಕಮಾನಿನ ತುದಿಲಿ ಒಂದು ಚೂರು ದಂತ ಹಾಕುವ ಕ್ರಮ ಇತ್ತಿದ್ದು. ಅಂಥದ್ದು ಮನೆಲಿದ್ದರೆ ಆರೋ ಕೇಳಿದವು ಹೇಳಿ ಕೊಟ್ಟಿಕ್ಕೆಡಿ.

ಈಗ ಎಂಗಳ ಅಟ್ಟದ ಪಿಟೀಲಿಂಗೆ ಬಪ್ಪೊ. ಜೆಗಳ ಜಾಸ್ತಿ ಅಪ್ಪ ಮದಲು ಅದರ ತಿಳುದವಕ್ಕೆ ತೋರ್ಸುವೊ ಹೇಳಿ ಎಂಗೊ ಇಬ್ರುದೆ ಮೈಸೂರಿಂಗೆ ಬಸ್ಸು ಹತ್ತಿದೆಯೊ. ಪಿಟೀಲು ರಿಪೇರಿ ಮಾಡ್ತ ಒಬ್ಬ ಹಳಬ್ಬರಿಂಗೆ ಪೆಟ್ಟಿಗೆ ಬಿಡಿಸಿ ಕೊಟ್ಟೆಯೊ. ಅವು ಚೀಟಿಯ ಮದಲು ನೋಡಿದ್ದವೇ ಇಲ್ಲೆ. ಹಿಂದಾಣ ಹಲಗೆ ನೋಡಿದವು, ಕುತ್ತಿಗೆಯ ಸುರುಳಿ ನೋಡಿದವು, ಬೆರಳಿಲ್ಲಿ ತಟ್ಟಿ ಕೇಳಿದವು, ಸಣ್ಣ ಕನ್ನಾಟಿ ಹಾಕಿ ಒಳಾಣ ಮೂಲೆ ನೋಡಿದವು. ಮತ್ತೆ ನೆಗೆ ಮಾಡಿದವು. "ಅಮ್ಮಾ, ಈ ಚೀಟಿ ಇರೋ ಪಿಟೀಲು ನಾನು ನೂರಾರು ನೋಡಿದೀನಿ" ಹೇಳಿದವು.

ಸಂಗತಿ ಎಂತ ಹೇಳಿರೆ, ನೂರಿನ್ನೂರು ವರ್ಷ ಮದಲು ಜರ್ಮನಿಯ ಸ್ಯಾಕ್ಸನಿ ಸೀಮೆಲಿ, ಅದರ ಹತ್ತರಾಣ ಬೊಹಿಮಿಯಾಲ್ಲಿ, ಫ್ರಾನ್ಸಿನ ಮಿರೆಕೂರಿಲ್ಲಿ ಮನೆಮನೆಲಿ ಪಿಟೀಲು ಮಾಡುವ ಕಸುಬು. ಒಬ್ಬ ಕುತ್ತಿಗೆ ಕೆತ್ತುಗು, ಒಬ್ಬ ಹಲಗೆ ಕೊರಗು, ಇನ್ನೊಬ್ಬ ಕೂಡ್ಸುಗು. ಹಾಂಗೆ ಲಕ್ಷಗಟ್ಳೆ ಪಿಟೀಲುಗೊ ಊರೂರಿಂಗೆ ಹೋತು, ನಮ್ಮ ದೇಶಕ್ಕೂ ಬಂತು. ಇದು ಸ್ಟ್ರಾಡಿವಾರಿಯ ಮಾದರಿ ಹೇಳಿ ತಿಳಿಶುಲೆ ಅವನ ಹೆಸರಿನ ಚೀಟಿ ಅಂಟುಸುಗು. ಮೋಸ ಮಾಡೆಕ್ಕು ಹೇಳಿ ಎಲ್ಲೋರೂ ಮಾಡಿದ್ದಲ್ಲ. ನಮ್ಮ ಪೇಟೆಲಿ "ಮೈಸೂರು ಪಾಕು" ಹೇಳಿ ಬರದ ಪೆಟ್ಟಿಗೆ ಮೈಸೂರಿಂದ ಬಂದದಲ್ಲನ್ನೆ, ಹಾಂಗೆ. 1890ರಲ್ಲಿ ಅಮೇರಿಕ ಒಂದು ಕಾನೂನು ತಂತು: ಹೆರಂದ ಬಪ್ಪ ಸಾಮಾನಿಲ್ಲಿ ಯಾವ ದೇಶದ್ದು ಹೇಳಿ ಇಂಗ್ಲಿಷಿಲ್ಲಿ ಬರೆಯೆಕ್ಕು. ಎಂಗಳ ಚೀಟಿಯ ಅಡಿಲಿ, ಮಾಣಿಯ ಟಾರ್ಚಿಗೆ ಕಾಣದ್ದ ಹಾಂಗೆ ಧೂಳು ಮುಚ್ಚಿದಲ್ಲಿ, ಸಣ್ಣ ಅಕ್ಷರಲ್ಲಿ "ಮೇಡ್ ಇನ್ ಜರ್ಮನಿ" ಹೇಳಿ ಇದ್ದತ್ತು. 1721ರ ಇಟೆಲಿಯ ಆಚಾರಿ ಇಂಗ್ಲಿಷಿಲ್ಲಿ ಜರ್ಮನಿ ಹೇಳಿ ಎಂತಕೆ ಬರಗು? ಪಿಟೀಲಿಂಗೆ ನೂರು, ನೂರಿಪ್ಪತ್ತು ವರ್ಷ ಆದಿಕ್ಕು. ಕ್ರಯ ಕೆಲವು ಸಾವಿರ. ರಿಪೇರಿಗೆ ಏಳು ಸಾವಿರದೈನೂರು.

ಆನು ಆ ವಿದ್ವಾಂಸರ ಕತೆಯನ್ನೂ ಹೇಳಿದೆ. ಹಳಬ್ಬರು ಕೆಮಿ ಕೊಟ್ಟು ಕೇಳಿದವು. "ಇರಬಹುದಮ್ಮಾ. ಫೋಟೋ ಇದೆಯಾ? ಕಾಗದ ಇದೆಯಾ?" ಕೇಳಿದವು. ಎಂಗಳ ಹತ್ತರೆ ಎರಡೂ ಇಲ್ಲೆ.

ಈ ಸುದ್ದಿ ವಾಟ್ಸಪ್ಪಿಲ್ಲಿ ಹಾಕಿದ ಮತ್ತೆ ಪಿಟೀಲಿನ ಮಾತು ಆರೂ ಎತ್ತಿದ್ದವಿಲ್ಲೆ. ಮರದಿನಂದ ಪುನಾ ಗುಡ್ ಮಾರ್ನಿಂಗಿನ ಹೂಗಿನ ಪಟಂಗೊ ಬಪ್ಪಲೆ ಸುರು ಆತು.

ಆದರೆ ಇಷ್ಟೆಲ್ಲ ಅಪ್ಪಗ ಆರುದೆ ಕೇಳದ್ದ ಒಂದು ಜೆನ ಮನೆಲಿ ಇದ್ದವು. ದೊಡ್ಡಮಾವನ ಹೆಂಡತಿ, ಎಂಗಳ ದೊಡ್ಡತ್ತೆ. ಎಂಬತ್ತಾರು ವರ್ಷ. ಕಣ್ಣು ಮಂದ, ಕೆಮಿ ಚುರುಕು. ಮೈಸೂರಿಂದ ಬಂದಿಕ್ಕಿ ಆನು ಪೆಟ್ಟಿಗೆಯ ಅವರ ಹತ್ತರೆ ಮಡುಗಿ ಕೂದೆ. ಅವು ಕೈಲಿ ಮುಟ್ಟಿ ನೋಡಿದವು. ಹಿಂದಾಣ ಹಲಗೆಯ ಒಂದು ಕರೇಲಿ ಬೆರಳು ನಿಂದತ್ತು.

"ಇಲ್ಲಿ ಬಿರಿದಿತ್ತು" ಹೇಳಿದವು. "ದೊಡ್ಡ ಮಗಳು ಹುಟ್ಟಿದ ವರ್ಷ. ಆ ಮಳೆಗಾಲಲ್ಲಿ ಅಂಟು ಬಿಟ್ಟು ಎರಡು ಹೋಳಾತು. ಅವು ಎರಡು ದಿನ ಊಟ ಬಿಟ್ಟವು. ಎನ್ನ ಎರಡು ಬಳೆ ಕೊಟ್ಟೆ. ಮೈಸೂರಿಂಗೆ ಕೊಂಡೋಗಿ ಸರಿ ಮಾಡ್ಸಿಗೊಂಡು ಬಂದವು. ಅಪ್ಪನ ಮನೆ ಬಳೆ ಅದು."

ಮೂವತ್ತು ವರ್ಷಂದ ಈ ಮನೆಲಿ ಇದ್ದೆ, ಎನಗೆ ಗೊಂತಿತ್ತಿಲ್ಲೆ. ಅವರ ಮಕ್ಕೊಗೂ ಗೊಂತಿತ್ತಿಲ್ಲೆ. ಪಾಲಿನ ಲೆಕ್ಕ ಹಾಕಿದವರಲ್ಲಿ ಆರಿಂಗೂ ಗೊಂತಿತ್ತಿಲ್ಲೆ. ಆ ದಿನ ಬಳೆಯ ತೂಗಿ ಪೈಸೆ ಕೊಟ್ಟ ಆಚಾರಿಗೆ ಅಪ್ಪನ ಮನೆಯ ಲೆಕ್ಕ ಇತ್ತಿಲ್ಲೆ. ಪಿಟೀಲಿಂಗೆ ಕೋಟಿ ಕಟ್ಟಿದವಕ್ಕೆ ಬಳೆಯ ಲೆಕ್ಕವೂ ಇತ್ತಿಲ್ಲೆ.

ಆನು ಒಂದು ನೋಟುಬುಕ್ಕು ತಂದು ಕೇಳ್ಲೆ ಕೂದೆ. ಗುರುಗಳ ಹೆಸರು, ಅವರ ಮನೆ ಇದ್ದ ಬೀದಿ, ಪಿಟೀಲು ಕೈಗೆ ಬಂದ ತಿಂಗಳು, ಆ ವಿದ್ವಾಂಸರ ಬಗ್ಗೆ ದೊಡ್ಡಮಾವ ಹೇಳಿದ್ದು ಎಷ್ಟೋ ಅಷ್ಟೇ, ಬಳೆಯ ತೂಕ. ನಾಲ್ಕು ದಿನ ಹಿಡುದತ್ತು. ಕೇಳಿದ್ದು ಯಾವದು, ಕಣ್ಣಾರೆ ಕಂಡದು ಯಾವದು ಹೇಳಿ ಬೇರೆ ಬೇರೆ ಬರದೆ. ಅಡಿಲಿ ದೊಡ್ಡತ್ತೆ ನಡುಗುವ ಕೈಲಿ ಹೆಸರು ಬರದವು. ಒಂದು ಪ್ರತಿ ಪೆಟ್ಟಿಗೆಲಿ ಮಡುಗಿದ್ದೆ. ಏಲಂಲಿ ಅದಕ್ಕೆ ನಯಾಪೈಸೆ ಬಾರ. ಎಂಗಳ ಮನೆಲಿ ಇನ್ನು ಆರೂ ಆ ಪಿಟೀಲಿನ "ಬರೇ ಜರ್ಮನಿದು" ಹೇಳಿ ಹೇಳ್ತವಿಲ್ಲೆ.

ಪಿಟೀಲು ಈಗ ಎಲ್ಲಿದ್ದು? ನಾದಿನಿಯ ಪುಳ್ಳಿ ಕೂಸು ವಾರಕ್ಕೆರಡು ದಿನ ಬಸ್ಸಿಲ್ಲಿ ಹೋಗಿ ಪಿಟೀಲು ಕಲಿತ್ತು. ಅದಕ್ಕೆ ಕೊಡಿ ಹೇಳಿ ದೊಡ್ಡತ್ತೆ ಹೇಳಿದವು. ರಿಪೇರಿಯ ಪೈಸೆಯ ಬೆಂಗ್ಳೂರಿನ ಮಾಣಿಯೇ ಕೊಟ್ಟ. ಬಾರ್ಸದ್ದೆ ಮಡುಗಿರೆ ಪಿಟೀಲು ಮಂಕಾವ್ತು ಹೇಳಿ ತಿಳುದವು ಹೇಳ್ತವು. ಪಗನೀನಿ ಹೇಳ್ತ ಮಹಾ ಪಿಟೀಲುಗಾರ 1743ರ ತನ್ನ ಪಿಟೀಲಿನ ಜೆನೋವಾ ಊರಿಂಗೇ ಬರದು ಕೊಟ್ಟಿಕ್ಕಿ 1840ರಲ್ಲಿ ತೀರಿಹೋದ. ಆ ಊರಿನವು ಅದರ ಮಾರಿದ್ದವಿಲ್ಲೆ. ಕನ್ನಾಟಿ ಪೆಟ್ಟಿಗೆಲಿ ಜೋಪಾನ ಮಾಡಿದ್ದವು. ಆದರೂ ಅಂಬಗಂಬಗ ಹೆರ ತೆಗದು ಆಯ್ದ ಕಲಾವಿದರ ಕೈಲಿ ಬಾರ್ಸುತ್ತವು.

ನಿಂಗಳ ಅಟ್ಟಲ್ಲಿಯೂ ಪಿಟೀಲೋ, ಹಾರ್ಮೋನಿಯಮ್ಮೋ, ವೀಣೆಯೋ ಇದ್ದರೆ ಎರಡು ಮಾತು. ಎಣ್ಣೆ ಉದ್ದೆಡಿ, ಚೆಂಡಿ ವಸ್ತ್ರಲ್ಲಿ ಉದ್ದೆಡಿ, ಬೆಶಿಲಿಂಗೆ ಮಡುಗೆಡಿ. ಪಿಟೀಲಿನ ಅಂಟು ನೀರಿಂಗೂ ಬೆಶಿಗೂ ಬಿಡ್ತು, ನಮ್ಮ ಕೊಡಗಿನ ಮಳೆಗಾಲವೇ ಅದಕ್ಕೆ ಸಾಕು. ಒಲೆಯ ಮೇಲಾಣ ಅಟ್ಟಲ್ಲಿ ಬೇಡ, ಕಪಾಟು ಒಳ್ಳೆದು. ತಂತಿಯ ರಜ್ಜ ಸಡಿಲ ಮಾಡಿ, ಪೂರಾ ಬಿಚ್ಚೆಡಿ. ಬಿಚ್ಚಿರೆ ಕುದುರೆ ಬೀಳ್ತು, ಒಳ ನಿಲ್ಲುಸಿದ ಸಣ್ಣ ಕಡ್ಡಿಯೂ ಬೀಳ್ತು. ಚೀಟಿ ಓದಿ ಕೋಟಿ ಲೆಕ್ಕ ಹಾಕೆಡಿ, ಹಾಂಗೆ ಹೇಳಿ ಚೀಟಿಯ ಕಿತ್ತುದೆ ಇಡ್ಕೆಡಿ.

ಮನೆಲಿ ಪ್ರಾಯದ ಅತ್ತೆಯೋ, ಅಬ್ಬೆಯೋ, ದೊಡ್ಡಮ್ಮನೋ ಇದ್ದರೆ ಈ ವಾರವೇ ಒಂದು ಪುಸ್ತಕ ತೆಕ್ಕೊಂಡು ಅವರ ಹತ್ತರೆ ಕೂರಿ. ಯಾವ ಸಾಮಾನು ಆರು ಕೊಟ್ಟದು, ಯಾವ ವರ್ಷ, ಅದಕ್ಕೆ ಎಂತ ಹೋತು ಹೇಳಿ ಬರಕ್ಕೊಳ್ಳಿ. ದೊಡ್ಡತ್ತೆ ಈಗ ಹಿತ್ತಾಳೆಯ ಕೊಡಪಾನದ ಕತೆ ಸುರು ಮಾಡಿದ್ದವು. ಎನ್ನ ನೋಟುಬುಕ್ಕು ಅರ್ಧ ತುಂಬಿತ್ತು.